ಬಲಗೆನ್ನೆಗೆ ಬಿದ್ದ ಬೆಳಕು

ನಮ್ಮ ದೊಡ್ಡಪ್ಪ ಸ್ಟುಡಿಯೋದಲ್ಲಿ ಲೈಟ್‌ಮ್ಯಾನ್. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಆದರೆ ದೀಪವನ್ನು ಒಂದು ಗೇಣು ಸರಿಸಿ, ನಗುವ ಮುಖದಲ್ಲಿ ಅನುಮಾನ ಮೂಡಿಸಬಲ್ಲ ಆಸಾಮಿ. ದೀಪದ ದಿಕ್ಕು ಗೊತ್ತುಮಾಡುವಾಗ ಪಾತ್ರಧಾರಿಯ ಜಾಗದಲ್ಲಿ ತಾನೇ ಹೋಗಿ ಕೂತು, ಶಾಖ ಮುಖಕ್ಕೆ ಎಲ್ಲಿ ತಾಗುತ್ತದೆಂದು ಕಣ್ಣು ಮುಚ್ಚಿ ನೋಡುತ್ತಾನೆ. ಆ ಬೋಳುತಲೆ ನಾಯಕಿಯ ದಿಂಬಿಗೆ ಒರಗಿದ್ದನ್ನು ಕಂಡು ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ.

ನಾನು ಸಹಾಯಕ ನಿರ್ದೇಶಕಿಯಾಗಿ ದುಡಿದ ಮೊದಲ ಚಿತ್ರದಲ್ಲಿ ತಾಯಿಯ ಪಾತ್ರಕ್ಕೆ ಬಂದಾಕೆ ಹಳೆಯ ನಟಿ. ದೊಡ್ಡಪ್ಪನಿಗೆ ಆಕೆ ಒಡಹುಟ್ಟಿದ ಅಕ್ಕನ ಹಾಗೆ. ಲಕ್ವ ಹೊಡೆದು ಆಕೆಯ ಬಲಗೆನ್ನೆ ಜೋತುಬಿದ್ದಿತ್ತು. ಮೊದಲ ದೃಶ್ಯ ಸರಿಬರದಿದ್ದರೆ ಪಾತ್ರ ಬೇರೆಯವರಿಗೆ ಎಂದು ನಿರ್ಮಾಪಕರು ಖಡಾಖಂಡಿತವಾಗಿ ಹೇಳಿದ್ದರು.

ದೃಶ್ಯ ಇಷ್ಟೇ: ಜಗಳವಾಡಿ ಹೋದ ಮಗಳು ಮನೆಗೆ ಬರುತ್ತಿದ್ದಾಳೆಂದು ಫೋನಿನಲ್ಲಿ ತಿಳಿದು, ಊಟದ ಮೇಜಿನ ಮುಂದೆ ಕೂತ ತಾಯಿ ಮಾತಿಲ್ಲದೆ ನಗಬೇಕು. ಪಕ್ಕದಲ್ಲಿ ಮಗಳ ಖಾಲಿ ಕುರ್ಚಿಯೂ ಫ್ರೇಮಿನಲ್ಲಿರಲಿ ಎಂದರು ನಿರ್ದೇಶಕರು. ಒಳ್ಳೆಯ ಯೋಚನೆಯೇ.

ದೊಡ್ಡಪ್ಪ ಎಂದಿನಂತೆ ಆಕೆಯ ಚಂದದ ಮಗ್ಗುಲಿಗೆ, ಅಂದರೆ ಎಡಗೆನ್ನೆಗೆ, ಬೆಳಕು ಕೊಟ್ಟ. ಬಲಗೆನ್ನೆ ನೆರಳಲ್ಲಿ ಮುಚ್ಚಿಹೋಯಿತು. ಮಾನಿಟರಿನಲ್ಲಿ ಕಂಡ ಮುಖ ಕ್ಯಾಲೆಂಡರಿಗೆ ಹಾಕುವಂತಿತ್ತು. ನಗು ಎಷ್ಟು ಸರಾಗವಾಗಿತ್ತೆಂದರೆ, ಜಗಳವೇ ಆಗಿಲ್ಲವೇನೋ ಅನ್ನಿಸಿತು. ನಿರ್ದೇಶಕರು ಪೆಚ್ಚಾದರು. ನಿರ್ಮಾಪಕರು ಗಡಿಯಾರ ನೋಡಿಕೊಂಡರು.

ಆಕೆ ದೊಡ್ಡಪ್ಪನನ್ನು ಹತ್ತಿರ ಕರೆದಳು. "ತಮ್ಮಾ, ನಗೋಕೆ ಕಷ್ಟ ಆಗ್ತಿರೋದು ಈ ಕಡೆ. ಇದನ್ನೇ ಮುಚ್ಚಿಟ್ರೆ ಆ ಕಷ್ಟ ಯಾರಿಗೆ ಕಾಣುತ್ತೆ?"

"ಜನ ನಿನ್ನ ನೋಡಿ ಅಯ್ಯೋ ಪಾಪ ಅನ್ಬಾರ್ದು ಅಂತ, ಅಕ್ಕಾ."

"ಅನ್ಲಿ ಬಿಡು. ಮಗಳು ಹೋದ್ಮೇಲೆ ಆ ತಾಯಿಗೂ ನಗೋದು ಮರ್ತೇ ಹೋಗಿರುತ್ತಲ್ಲ."

ದೊಡ್ಡಪ್ಪ ಗೊಣಗಲಿಲ್ಲ. ಅದೇ ಒಂದು ಸೋಜಿಗ. ಮತ್ತೆ ಆಕೆಯ ಕುರ್ಚಿಯಲ್ಲಿ ತಾನೇ ಕೂತು, ತನ್ನ ಬಲಗೆನ್ನೆಯನ್ನು ಅಂಗೈಯಿಂದ ಕೆಳಕ್ಕೆ ಎಳೆದು ಹಿಡಿದು ಕಣ್ಣು ಮುಚ್ಚಿದ. ಈ ಸಲ ಯಾರೂ ನಗಲಿಲ್ಲ. ಆಮೇಲೆ ಎದ್ದು ದೀಪವನ್ನು ಬಲಕ್ಕೆ ತರಿಸಿದ. ಬೆಳಕು ಮೆತ್ತಗಾಗಲೆಂದು ಅದರ ಮುಂದೆ ತೆಳು ಬಟ್ಟೆ ಕಟ್ಟಿಸಿದ.

ಕ್ಯಾಮೆರಾ ಓಡಿತು. ನಗು ಎಡಗಡೆ ಅರಳಿತು, ಬಲಗಡೆ ತಡೆಯಿತು. ತಡೆದಲ್ಲಿ ತುಟಿ ಅದುರಿತು. ಪಕ್ಕದ ಖಾಲಿ ಕುರ್ಚಿಗೆ ಇನ್ನೇನು ಮಗಳು ಬಂದು ಕೂರುತ್ತಾಳೆ ಅನ್ನಿಸಿತು ನನಗೆ. ನಿರ್ಮಾಪಕರು ಎದ್ದು, "ನಾಳೆ ಎಷ್ಟು ಗಂಟೆಗೆ ಗಾಡಿ ಕಳಿಸ್ಲಿ, ಅಮ್ಮಾ?" ಎಂದರು.

ಆಕೆ ದೊಡ್ಡಪ್ಪನತ್ತ ತಿರುಗಿ, "ಏನೋ, ನನ್ನ ಚಂದದ ಮಗ್ಗುಲು ಯಾವ್ದು ಅಂತ ಮರ್ತೇಬಿಟ್ಯಾ?" ಎಂದು ಕೆಣಕಿದಳು.

"ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ದೆ, ಅಕ್ಕಾ," ಎಂದ ದೊಡ್ಡಪ್ಪ, ದೀಪ ಆರಿಸಲು ಹೋದ.