ಕ್ಯಾಪ್ಟನ್ ಸಾಹೇಬರನ್ನು ದಾಟಿ ಬಂದ ಚೂರು

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ಆಸ್ಟಿನ್‌ನ ಒಂದು ಆಸ್ಪತ್ರೆಯಲ್ಲಿ ಕನ್ನಡ ಇಂಟರ್‌ಪ್ರಿಟರ್ ಆಗಿದ್ದೆ. ಕರೆ ಬಂದ ದಿನ ಮಾತ್ರ ಕೆಲಸ. ಮಕ್ಕಳಿಬ್ಬರೂ ಡ್ಯಾಲಸ್, ಹ್ಯೂಸ್ಟನ್ ಎಂದು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ಮಾತಿಗೆ ಜನವೇ ಇರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿ ತೀಡಿದ ಇಂಗ್ಲಿಷು ಹೀಗೆ ಉಪಯೋಗಕ್ಕೆ ಬಂತು. ಆ ಬೆಳಿಗ್ಗೆಯೂ ಎಂದಿನಂತೆ ಡಿಕಾಕ್ಷನ್ ಹಾಕಿ, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ, ಕರಿಬೇವಿನ ಕುಂಡವನ್ನು ಬಿಸಿಲಿಗೆ ಸರಿಸಿ ಆಸ್ಟಿನ್ ಹೊರವಲಯದ ಲಿಯಾಂಡರ್‌ನ ಮನೆಯಿಂದ ಹೊರಟೆ.

ನಮ್ಮ ಕೆಲಸಕ್ಕೊಂದು ಕಟ್ಟುಪಾಡಿದೆ. ರೋಗಿ 'ನನಗೆ ನೋವು' ಎಂದರೆ ನಾನೂ ಇಂಗ್ಲಿಷಿನಲ್ಲಿ 'ನನಗೆ ನೋವು' ಎಂದೇ ಹೇಳಬೇಕು. 'ಅವರಿಗಂತೆ' ಎನ್ನುವಂತಿಲ್ಲ. ಸ್ವಂತದ್ದೊಂದು ಮಾತೂ ಸೇರಿಸುವಂತಿಲ್ಲ.

ಅಂದಿನ ರೋಗಿ ಗೋಕಾಕದ ಕಡೆಯ ನಿವೃತ್ತ ಹವಾಲ್ದಾರರು. ಬಸಪ್ಪ ಎಂದು ಕರೆಯುತ್ತೇನೆ. ಅವರು ಈಗಿಲ್ಲ, ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮಗಳು ಶೈಲಾ ಹತ್ತಿರದ ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಅವಳ ಮನೆಗೆ ಬಂದಿದ್ದ ಬಸಪ್ಪನವರಿಗೆ ಎಡಗಾಲು ಸೋಲತೊಡಗಿತ್ತು. ಬೆನ್ನಿನ ಎಂಆರ್‌ಐ ಮಾಡಬೇಕೆಂದಿದ್ದರು. ಎಂಆರ್‌ಐ ಯಂತ್ರವೆಂದರೆ ಒಂದು ದೊಡ್ಡ ಅಯಸ್ಕಾಂತ. ಮೈಯೊಳಗೆ ಕಬ್ಬಿಣದ ಚೂರಿದ್ದರೆ ಅದನ್ನು ಎಳೆದಾಡಿಬಿಡುತ್ತದೆ. ಚೂರು ಬೆನ್ನುಹುರಿಯ ಹತ್ತಿರವಿದ್ದರಂತೂ ಮನುಷ್ಯ ಮತ್ತೆ ಏಳದಿರಬಹುದು. ಆದ್ದರಿಂದ ಟೆಕ್ನಾಲಜಿಸ್ಟ್ ಮರಿಯಾ ಬಾಗಿಲಲ್ಲೇ ನಿಲ್ಲಿಸಿ, ಮೈಯಲ್ಲಿ ಲೋಹವಿದೆಯೇ ಎಂದು ಕೇಳಿದಳು.

ಉತ್ತರ ಕೊಟ್ಟವಳು ಶೈಲಾ. ಏನೂ ಇಲ್ಲ, ಪಕ್ಕೆಯಲ್ಲಿ ಒಂದು ಹಳೆಯ ಕಲೆಯಿದೆ, ಎತ್ತು ಇರಿದದ್ದು ಎಂದಳು. ನಾನು ಪ್ರಶ್ನೆಯನ್ನು ಅವರಿಗೇ ಕನ್ನಡದಲ್ಲಿ ಕೇಳಿದೆ. ಅವರು ಮಗಳ ಮುಖ ನೋಡಿ, "ಏನೂ ಇಲ್ರಿ" ಎಂದರು.

ಆದರೆ ಅವರ ಬಲಗೈ ಆಸ್ಪತ್ರೆಯ ಗೌನಿನ ಮೇಲೆ, ಪಕ್ಕೆಲುಬಿನ ಕೆಳಗೆ ಹೋಗಿ ಕೂತಿತ್ತು. ಸಂತೆಯ ನೂಕುನುಗ್ಗಲಲ್ಲಿ ಹೆಂಗಸರು ಸೊಂಟದ ಬೀಗದಕೈ ಗೊಂಚಲನ್ನು ಒತ್ತಿ ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ನೋವನ್ನು ಒತ್ತುವ ಕೈಯಲ್ಲ ಅದು, ಕಾಯುವ ಕೈ.

ಮಾತು ಸೇರಿಸುವಂತಿಲ್ಲ, ನಿಜ. ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲು ಅವಕಾಶ ಕೋರಬಹುದು. ರೋಗಿಯೊಬ್ಬರನ್ನೇ ಇಟ್ಟುಕೊಂಡು ಕೇಳೋಣವೇ ಎಂದು ಮರಿಯಾಳಿಗೆ ಹೇಳಿದೆ. ಶೈಲಾಳಿಗೆ ಸಿಟ್ಟು ಬಂತು. "ನಮ್ಮಪ್ಪಾಜಿ ನನ್ನ ಮುಂದ ಏನ್ ಮುಚ್ಚಿಡ್ತಾರ್ರಿ ಆಂಟಿ?" ಎನ್ನುತ್ತಲೇ ಹೊರಗೆ ಹೋದಳು.

ಬಾಗಿಲು ಮುಚ್ಚಿತೇ ಎಂದು ಅವರು ತಿರುಗಿ ನೋಡಿದರು. ಆಮೇಲೆ ಕೇಳಿದರು: "ಐತಿ ಅಂದ್ರ ಇವ್ರು ಕೊಯ್ದು ತಗದಬಿಡ್ತಾರೇನ್ ತಂಗಿ?"

ಏನಿದೆ, ಹೇಗೆ ಹೊಕ್ಕಿತು ಎಂದು ಮರಿಯಾ ಕೇಳಿಸಿದಾಗ ಅವರು ಹೇಳಿದ್ದು ಎಂಬತ್ತರ ದಶಕದ ಕೊನೆಯ ಮಾತು, ಶ್ರೀಲಂಕಾದ ಉತ್ತರ ಭಾಗದ ಕಾಡಿನದು. ಶಾಂತಿ ಕಾಯಲೆಂದು ಕಳಿಸಿದ ನಮ್ಮ ಸೈನ್ಯ ಅಲ್ಲಿ ಯುದ್ಧಕ್ಕೇ ಸಿಕ್ಕಿಬಿದ್ದಿತ್ತು. ನಕಾಶೆಯಲ್ಲಿದ್ದ ದಾರಿಗಳನ್ನು ಕಾಡು ಯಾವಾಗಲೋ ನುಂಗಿತ್ತು. ನೀರು ಮುಗಿದು ಬಳ್ಳಿ ಕಡಿದು ಹೀರುತ್ತಿದ್ದರಂತೆ. ಕ್ಯಾಪ್ಟನ್ ಇನ್ನೂ ಮದುವೆಯಾಗದ ಹುಡುಗ. ಜ್ವರ ಬಂದವರಿದ್ದಾರೆ, ಇವತ್ತೊಂದು ದಿನ ನಿಲ್ಲುತ್ತೇವೆ ಎಂದು ವೈರ್‌ಲೆಸ್‌ನಲ್ಲಿ ಬೇಡಿಕೊಂಡರು. ಮೇಲಿನಿಂದ ಬಂದದ್ದು 'ಮುಂದುವರಿಯಿರಿ' ಎಂಬ ಆಜ್ಞೆ. ಸಾಲಿನ ಮುಂದೆ ನಡೆಯುವ ಸರದಿ ಬಸಪ್ಪನವರದು. ಬೂಟಿನೊಳಗೆ ಅವರ ಪಾದ ಕೊಳೆತಿತ್ತು. ಕುಂಟುವುದನ್ನು ಕಂಡ ಕ್ಯಾಪ್ಟನ್ ಅವರ ತೋಳು ಹಿಡಿದು ಹಿಂದಕ್ಕೆ ಸರಿಸಿ, ತಾವೇ ಮುಂದೆ ನಡೆದರು. ಹುಲ್ಲಿನಲ್ಲಿ ನೆಲಬಾಂಬಿನ ತಂತಿಯಿತ್ತು. ಸಿಡಿಯಿತು.

"ಸಾಹೇಬ್ರನ್ನ ದಾಟಿ ನನ್ನೊಳಗ ಬಂದಿದ್ದರಿ ಆ ಚೂರು. ಮಿಲಿಟರಿ ಡಾಕ್ಟರು ಆಮ್ಯಾಗ ತಗೀತೀವಿ ಅಂದ್ರು, ನಾನೇ ಕೊಡಲಿಲ್ಲ."

ಬಂದೂಕನ್ನು ಮುಟ್ಟಿಯೂ ನೋಡದ ನಾನು ಇದನ್ನೆಲ್ಲ 'ನನ್ನ ಪಾದ', 'ನನ್ನ ಸರದಿ', 'ನನ್ನ ಬದಲು ಸತ್ತರು' ಎಂದೇ ಹೇಳಬೇಕಿತ್ತು. ನಡುವೆ ಒಮ್ಮೆ ನಿಲ್ಲಿಸಿ ನೀರು ಕುಡಿದು, ಉಳಿದದ್ದನ್ನು ಹೇಳಿ ಮುಗಿಸಿದೆ. ಮರಿಯಾ ಎದ್ದು ಸ್ಕ್ಯಾನ್ ಕೋಣೆಗೆ ಬೀಗ ಹಾಕಿ ಬಂದಳು. ಅದನ್ನು ತೆಗೆಯಬೇಕಾಗಿಲ್ಲ, ಎಲ್ಲಿದೆಯೆಂದು ನಮಗೆ ಗೊತ್ತಿದ್ದರೆ ಸಾಕು ಎಂದು ಹೇಳಲು ಹೇಳಿದಳು. ಆಗ ಅವರ ಕೈ ಪಕ್ಕೆಯಿಂದ ಕೆಳಗಿಳಿಯಿತು.

ಎಂಆರ್‌ಐ ಬದಲು ಎಕ್ಸ್‌ರೇ, ಸಿಟಿ ಸ್ಕ್ಯಾನ್ ಆದವು. ಬೆನ್ನುಮೂಳೆಗೆ ಒತ್ತಿಕೊಂಡೇ ಹುಣಸೆ ಬೀಜದಷ್ಟು ಬೆಳ್ಳನೆಯ ತುಣುಕು ಕಂಡಿತು. ಕಾಲನ್ನು ಸೋಲಿಸುತ್ತಿದ್ದದ್ದು ಮಾತ್ರ ಅದಲ್ಲ, ಅದರ ಪಕ್ಕದ ಒಂದು ಗಡ್ಡೆ. ಆಗಲೇ ತಡವಾಗಿತ್ತು.

ಶೈಲಾ ಪರದೆಯ ಮುಂದೆ ನಿಂತೇ ಇದ್ದಳು. ಎತ್ತು ಅಂದಿದ್ದಿರಲ್ಲ ಎಂದು ಕೇಳಿದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಹಡಗದಿಂದ ಇಳಿದಾಗ ಯಾರೂ ಏನೂ ಕೇಳ್ಲಿಲ್ಲವ್ವ. ಊರಾಗ ಕೇಳಿದವ್ರಿಗೆ ಅಂಥಾದ್ದೊಂದು ಯುದ್ಧ ಆಗಿದ್ದೇ ಗೊತ್ತಿರ್ಲಿಲ್ಲ. ಎತ್ತು ಅಂದ್ರ ಎಲ್ಲಾರಿಗೂ ತಿಳೀತಿತ್ತು."

ಇದನ್ನು ಇಂಗ್ಲಿಷಿಗೆ ತರಲು ಯಾರೂ ನನ್ನನ್ನು ಕೇಳಲಿಲ್ಲ.

ಅವತ್ತಿನಿಂದ ನಾನು ಇಂಥ ಪ್ರಶ್ನೆಯನ್ನು ರೋಗಿಯೊಬ್ಬರನ್ನೇ ಇಟ್ಟುಕೊಂಡು ಕೇಳಲು ಅವಕಾಶ ಕೋರುತ್ತೇನೆ. 'ಇಲ್ಲ' ಎಂಬ ಉತ್ತರ ಬಂದ ಮೇಲೂ ಸ್ವಲ್ಪ ಹೊತ್ತು ಕಾಯುತ್ತೇನೆ. ಆ ಹೊತ್ತಿನಲ್ಲಿ ಕೈಗಳನ್ನು ನೋಡುತ್ತೇನೆ.

ಅದೇ ದಿನ ಸಂಜೆ ಪಕ್ಕದ ಮನೆಯ ಸುಮಾ ಕರಿಬೇವಿಗೆಂದು ಬಂದಿದ್ದಳು. ನನ್ನದೇ ವಯಸ್ಸು, ಬೆಂಗಳೂರಿನವಳು. ರೋಗಿಯ ಸುದ್ದಿ ಎತ್ತುವಂತಿರಲಿಲ್ಲ. ಶ್ರೀಲಂಕಾದಲ್ಲಿ ನಮ್ಮ ಸೈನ್ಯ ಯುದ್ಧ ಮಾಡಿದ್ದು ನೆನಪಿದೆಯಾ ಎಂದಷ್ಟೇ ಕೇಳಿದೆ. ಅವಳು ಎಳೆಯ ಎಸಳು ಬಿಟ್ಟು ಬಲಿತದ್ದನ್ನು ಆರಿಸಿ ಕೀಳುತ್ತಾ, ತಲೆಯೆತ್ತದೆ ಹೇಳಿದಳು:

"ನಮ್ಮವ್ರಾ? ಇಲ್ಲಪ್ಪ. ಹಾಗೇನಾದ್ರೂ ಆಗಿದ್ರೆ ನಮಗೆ ಗೊತ್ತಾಗ್ತಿರ್ಲಿಲ್ವೇನ್ರೀ?"