ತಾಮ್ರದ ಸಾಹುಕಾರರು ಮತ್ತು ಕಪ್ಪು ಗೊಜ್ಜು

ಕಳೆದ ತಿಂಗಳು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರು ಒಬ್ಬ ತಾಮ್ರದ ನೀರಿನ ಬಾಟಲಿಗಳನ್ನು ಮಾರುತ್ತಿದ್ದ. ಒಂದನ್ನು ಕೈಗೆತ್ತಿಕೊಂಡು ನೋಡಿ ಹಿಂದಿರುಗಿಸಿದೆ. ಬಸ್ಸಿನಲ್ಲಿ ಕುಳಿತ ಮೇಲೆ ಬೆರಳುಗಳಿಗೆ ಅಂಟಿದ ವಾಸನೆ ಮೂಗಿಗೆ ಬಡಿಯಿತು... ಬೆವರಿದ ಕೈ ಮುಟ್ಟಿದ ತಾಮ್ರದ, ಗಂಟಲಿನಲ್ಲಿ ಕಹಿಯಾಗಿ ನಿಲ್ಲುವ ವಾಸನೆ. ಕೊಟ್ಟೂರಿನ ಪಾತ್ರೆ ಅಂಗಡಿಯ ಸಾಹುಕಾರರು ನೆನಪಾದರು. ಅವರನ್ನು ಪ್ರೀತಿಯಿಂದ ನೆನೆಯುವವರು ಊರಿನಲ್ಲಿ ಬಹಳ ಮಂದಿ ಇದ್ದಾರೆ. ನಾನು ಆ ಪೈಕಿ ಅಲ್ಲ.

ಮದುವೆ, ಗೃಹಪ್ರವೇಶಗಳಿಗೆ ತಾಮ್ರದ ಕೊಪ್ಪರಿಗೆಗಳನ್ನು ಬಾಡಿಗೆಗೆ ಕೊಡುವುದು ಅವರ ಮನೆತನದ ವ್ಯಾಪಾರ. ಪ್ರತಿ ಪಾತ್ರೆಯ ಕಂಠದ ಮೇಲೂ ಅಂಗಡಿಯ ಹೆಸರು ಕೊರೆದಿರುತ್ತಿತ್ತು. ತಾಮ್ರ ದೇವರ ಲೋಹ, ಕಬ್ಬಿಣ ಶನಿಯದು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಾತು ಸೊಗಸಾಗಿತ್ತು. ಜನ ನಂಬುತ್ತಿದ್ದರು.

ನನ್ನ ತಂಗಿ ಮದುವೆಗಳಿಗೆ ಅಡುಗೆ ಮಾಡುತ್ತಿದ್ದಳು. ಹಡಗಲಿಯಿಂದ ಕೂಡ್ಲಿಗಿಯವರೆಗೆ ಅವಳ ಹುಣಸೆ ಗೊಜ್ಜಿಗೆ ಹೆಸರಿತ್ತು. ಆ ಹೆಸರೇ ಅವಳ ಬದುಕು.

ತೊಂಬತ್ತರ ದಶಕದ ನಡುವೆ ಹಂಪಸಾಗರದ ಕಡೆ ಒಂದು ಮದುವೆ. ಹಿಂದಿನ ದಿನ ಸಂಜೆಯೇ ಅವಳು ಗೊಜ್ಜು ಕುದಿಸಿ ಸಾಹುಕಾರರ ಕೊಪ್ಪರಿಗೆಗೆ ಸುರಿದಳು. ಅದರಲ್ಲಿ ಹಿಡಿಸದೆ ಉಳಿದದ್ದು ಅವಳದೇ ಕಬ್ಬಿಣದ ಬಾಣಲೆಯಲ್ಲಿ ನಿಂತಿತು. ಬೆಳಗಾಗುವಷ್ಟರಲ್ಲಿ ಬಾಣಲೆಯ ಗೊಜ್ಜು ಕಪ್ಪಾಗಿತ್ತು. ಅದನ್ನು ಮುಂಜಾನೆ ವಾದ್ಯದವರಿಗೆ ಬಡಿಸಿದರು. ಮದುವೆಯ ಮೊದಲ ಪಂಕ್ತಿಗೆ ಹೋದದ್ದು ಕೊಪ್ಪರಿಗೆಯ ಗೊಜ್ಜು. ಉಂಡವರು ಕೈ ತೊಳೆದು ಒರೆಸಿಕೊಳ್ಳುವ ಮುನ್ನವೇ ವಾಂತಿ ಶುರುವಾಯಿತು. ಸಂಜೆಯ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. ತಂಗಿಯ ಹೆಸರು ಚೇತರಿಸಿಕೊಳ್ಳಲಿಲ್ಲ.

ಸಾಹುಕಾರರೂ ಆ ಮದುವೆಗೆ ಬಂದಿದ್ದರು. ಅವರು ಅಡುಗೆಮನೆಗೆ ಬರುವಷ್ಟರಲ್ಲಿ ಅವರ ಆಳು ಖಾಲಿ ಕೊಪ್ಪರಿಗೆಯನ್ನು ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದ್ದ. ಕಣ್ಣಿಗೆ ಬಿದ್ದದ್ದು ಬಾಣಲೆಯ ತಳದ ಕಪ್ಪು ಮಾತ್ರ. ಸೌಟಿನಿಂದ ಎತ್ತಿ ಎಲ್ಲರಿಗೂ ತೋರಿಸಿದರು.

“ನೋಡ್ರಪ್ಪ, ಇದು ಗೊಜ್ಜೋ, ಗಾಡಿ ಕೀಲೆಣ್ಣಿಯೋ? ಕಬ್ಬಣದಾಗ ಇಟ್ಟು ಇಸ ಮಾಡ್ಯಾಳ ನಮ್ಮ ತಂಗೆವ್ವ.”

ಆಗಷ್ಟೇ ವಾಂತಿ ಮಾಡಿಕೊಂಡಿದ್ದವರೂ ನಕ್ಕರು. ಆಮೇಲೆ ಯಾವ ಮನೆಯವರೂ ಅವಳನ್ನು ಅಡುಗೆಗೆ ಕರೆಯಲಿಲ್ಲ.

ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಬಡಗಿ. ಆದರೆ ಊರೆಲ್ಲ ಒಪ್ಪಿದ ಮಾತೆಂದು ಪರೀಕ್ಷಿಸದೆ ಒಪ್ಪುವ ಅಭ್ಯಾಸ ನನಗಿಲ್ಲ. ವಾದ್ಯದವರು ಹಲವಾಗಲಿನವರು, ಅಲ್ಲಿಗೇ ಹೋಗಿ ಕೇಳಿದೆ. ಶಹನಾಯಿ ಊದುವ ಮುದುಕ ಹೇಳಿದ: “ಅದನ್ನ ಎರಡೆರಡು ಸಲ ಹಾಕಿಸ್ಕೊಂಡು ಉಂಡೀವ್ರಿ. ಕರ್ರಗಿತ್ತು, ಬೇಷಿತ್ತು. ಅದರ ಮ್ಯಾಲೆ ಸಂಜಿತನಕ ಊದೀವಿ. ಇಸ ಉಂಡಾವಗ ಊದಾಕ ಆಗ್ತೈತೇನ್ರಿ?”

ಹಾಗಾದರೆ ದೋಷ ಎಲ್ಲಿತ್ತು? ರದ್ದಿ ಅಂಗಡಿಯಿಂದ ಹೈಸ್ಕೂಲಿನ ಒಂದು ರಸಾಯನಶಾಸ್ತ್ರದ ಪುಸ್ತಕ ತಂದೆ. ಅರ್ಥವಾಗದ ಪುಟಗಳನ್ನು ಹತ್ತು ಸಲ ಓದಿದೆ. ತಾಮ್ರ, ಕಬ್ಬಿಣ ಎರಡೂ ಧಾತುಗಳ ಕೋಷ್ಟಕದ ನಡುವಿನ ಒಂದೇ ಸಾಲಿನ ಲೋಹಗಳು; ಅಲ್ಲಿ ದೇವರೂ ಇರಲಿಲ್ಲ, ಶನಿಯೂ ಇರಲಿಲ್ಲ. ತಾಮ್ರ ಶಾಖವನ್ನು ಬೇಗ ಹರಡುತ್ತದೆ, ಆದ್ದರಿಂದ ದೊಡ್ಡ ಅಡುಗೆಗೆ ತಕ್ಕದ್ದು. ನೀರಿಗೆ ಜಗ್ಗದ ಅದೇ ತಾಮ್ರ ಹುಳಿ ಉಪ್ಪಿನಲ್ಲಿ ರಾತ್ರಿ ನೆನೆದರೆ ಕರಗಿ ಅನ್ನಕ್ಕೆ ಇಳಿಯುತ್ತದೆ. ಮಿತಿ ಮೀರಿದರೆ ಹೊಟ್ಟೆ ಅದನ್ನು ತಕ್ಷಣ ಹೊರಗೆಸೆಯುತ್ತದೆ. ಅದನ್ನು ತಡೆಯುವುದು ಒಳಮೈಯ ತವರದ ಲೇಪ, ನಾವು ಕಲಾಯಿ ಎನ್ನುವುದು. ಕಬ್ಬಿಣ ನೀರಿಗೇ ತುಕ್ಕು ಹಿಡಿಯುತ್ತದೆ, ಹುಣಸೆ ತಾಗಿದರೆ ಕಪ್ಪು ಬಿಡುತ್ತದೆ. ಆದರೆ ಆ ಕಪ್ಪು ಕಣ್ಣಿಗೆ ಅಸಹ್ಯವೇ ಹೊರತು ಹೊಟ್ಟೆಗಲ್ಲ. ನಮ್ಮ ಜನ ಬಣ್ಣ ನೋಡಿ ತೀರ್ಪು ಕೊಟ್ಟಿದ್ದರು.

ಪರಿಚಯದವನೊಬ್ಬನ ಮೂಲಕ ಸಾಹುಕಾರರ ಅಂಗಡಿಯ ಸಣ್ಣ ಕೊಪ್ಪರಿಗೆಯೊಂದನ್ನು ತರಿಸಿದೆ. ಒಳಗೆ ಕಲಾಯಿ ತೇಪೆತೇಪೆಯಾಗಿ ಸವೆದಿತ್ತು. ಉಪ್ಪು ಬೆರೆಸಿದ ಹುಣಸೆ ನೀರನ್ನು ಎರಡು ದಿನ ಇಟ್ಟು, ಹೊಳೆಯುವಂತೆ ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಅದಕ್ಕೆ ಹಾಕಿದೆ. ಮೊಳೆ ಕೆಂಪಾಗಿ ಎದ್ದಿತು. ಹುಳಿಗೆ ಕರಗುವುದರಲ್ಲಿ ತಾಮ್ರಕ್ಕಿಂತ ಕಬ್ಬಿಣ ಮುಂದು. ತಾನು ಕರಗಿ, ಕರಗಿದ್ದ ತಾಮ್ರವನ್ನು ಮೈಮೇಲೆ ಹೊತ್ತು ತಂದಿತ್ತು. ನನಗೆ ಸಾಕ್ಷಿ ಸಿಕ್ಕಿತು.

ಅಂದೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕು ಜನರ ಮುಂದೆ ಸೌಟು ಎತ್ತಿದವರಿಗೆ ನಾನೂರು ಜನರ ಮುಂದೆ ಉತ್ತರ ಕೊಡಬೇಕೆಂದು ಒಂದು ವರ್ಷ ಕಾದೆ. ಕಾಯುವುದರಲ್ಲಿ ಸುಖವಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅವರ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಹರಪನಹಳ್ಳಿಯ ದೊಡ್ಡ ಮನೆತನದ ಬೀಗರು ಬರುವವರಿದ್ದರು.

“ಅಣ್ಣ, ಬ್ಯಾಡ,” ಎಂದಳು ತಂಗಿ. “ಒಂದು ಮದಿವಿ ಮನ್ಯಾಗ ಕೆಟ್ಟ ಹೆಸರು ಇನ್ನೊಂದು ಹುಡುಗಿ ಮದಿವ್ಯಾಗ ಸುದ್ದ ಆಗೂದಿಲ್ಲ.”

ನಾನು ಕೇಳಲಿಲ್ಲ. ಹೊಸದಾಗಿ ಎರಡು ದಿನ ಇಟ್ಟ ಹುಣಸೆ ನೀರಿನೊಂದಿಗೆ, ಮತ್ತೆ ತರಿಸಿದ ಆ ಕೊಪ್ಪರಿಗೆಯನ್ನು ಹೊತ್ತು ಚಪ್ಪರದ ನಡುವೆ ಇಟ್ಟೆ. ಕಂಠದ ಮೇಲಿನ ಹೆಸರನ್ನು ಬೀಗರಿಗೆ ಓದಿಸಿದೆ. ಕೆಂಪು ಮೊಳೆ ತೋರಿಸಿ ನಡೆದದ್ದನ್ನೆಲ್ಲ ವಿವರಿಸಿದೆ.

ಸಾಹುಕಾರರು ನಕ್ಕರು. “ಬಡಗ್ಯಾರು ಮೊಳಿಗೆ ಮದರಂಗಿ ಹಚ್ಯಾರ. ಮೊದ್ಲು ಅದಕ್ಕೊಂದು ಗಂಡು ನೋಡ್ರಪ್ಪ.”

ಚಪ್ಪರವೆಲ್ಲ ನಕ್ಕಿತು. ನಾನು ಒಂದು ಲೋಟ ತುಂಬಿ ಅವರ ಮುಂದೆ ಹಿಡಿದೆ. “ದೇವರ ಲೋಹ ಅಂತೀರಲ್ರಿ. ತೀರ್ಥ ಅಂತ ಕುಡೀರಿ.”

ಬೀಗರು ನೋಡುತ್ತಿದ್ದರು. ಸಾಹುಕಾರರಿಗೆ ಬೇರೆ ದಾರಿ ಉಳಿಸದಂತೆಯೇ ನಾನು ಆ ಗಳಿಗೆಯನ್ನು ಆರಿಸಿದ್ದೆ. ಕುಡಿದರು. ಸ್ವಲ್ಪ ಹೊತ್ತಿನಲ್ಲೇ ಬಾಯಿಗೆ ರುಮಾಲು ಹಿಡಿದು ಚಪ್ಪರದ ಹಿಂದಕ್ಕೆ ಓಡಿದರು. ನಾನೂ ಹೋದೆ; ಕಣ್ಣಾರೆ ನೋಡಬೇಕಿತ್ತು. ಬಗ್ಗಿದ್ದವರು ನನ್ನ ತೋಳು ಹಿಡಿದುಕೊಂಡು, ನನಗೊಬ್ಬನಿಗೇ ಕೇಳುವಂತೆ ಹೇಳಿದರು: “ಕಲಾಯಿ ಹೋಗಿದ್ದು ನನಗ ಅವತ್ತ ಗೊತ್ತಿತ್ತು. ಇನ್ನೊಂದು ಮದಿವಿ ತಡೀತೈತಿ ಅಂತ ಬಿಟ್ಟಿದ್ದೆ...”

ಅದನ್ನೇ ಚಪ್ಪರದಲ್ಲಿ ಹೇಳಿ ಎಂದೆ. ಅಷ್ಟರಲ್ಲಿ ಜನ ಬಂದರು. ಬೀಗರ ಕಡೆಯ ಹಿರಿಯರೊಬ್ಬರು ನನ್ನ ಕೈಯಿಂದ ಲೋಟ ಕಿತ್ತುಕೊಂಡರು. “ತಂಗಿ ಊರಿಗೆ ಇಸ ಹಾಕಿದ್ಲು, ಅಣ್ಣ ಸಾಹುಕಾರ್ರಿಗೆ ಹಾಕ್ಯಾನ. ಒಂದ ಮನಿ ಕೈ.” ಸಾಹುಕಾರರು ಬಾಯಿ ಒರೆಸಿಕೊಂಡು ಅವರ ಹಿಂದೆಯೇ ಚಪ್ಪರಕ್ಕೆ ನಡೆದರು.

ಇಂದಿಗೂ ಊರು ಹೇಳುವುದು ಆ ಹಿರಿಯರ ಮಾತನ್ನೇ. ನಿಶ್ಚಿತಾರ್ಥ ನಿಲ್ಲಲಿಲ್ಲ. ಮರುವಾರ ಅಂಗಡಿಯ ಪಾತ್ರೆಗಳೆಲ್ಲ ಸದ್ದಿಲ್ಲದೆ ಕಲಾಯಿ ಕಂಡವು. ಅದು ಏಕೆಂದು ಯಾರೂ ಕೇಳಲಿಲ್ಲ.

ವರ್ಷಗಳ ನಂತರ ಅವರು ಹಾಸಿಗೆ ಹಿಡಿದರೆಂದು ತಿಳಿದಾಗ ಹೋದೆ. ರಾಜಿಗಲ್ಲ. ಆ ಒಂದು ಮಾತನ್ನು ಮೂರನೆಯವರ ಎದುರು ಹೇಳಿಸಲು. ಬಾಗಿಲಲ್ಲಿ ಅವರ ಮಗ ನಿಂತಿದ್ದ.

“ಯಾಕ್ರಿ ಬಡಗ್ಯಾರ, ಇನ್ನೂ ಏನರ ಕುಡಿಸೂದು ಉಳಿದೈತೇನು?”

ಒಳಗಿನಿಂದ ಕೆಮ್ಮು ಕೇಳಿಸಿತು. ಮೂರನೆಯ ದಿನ ಅದೂ ನಿಂತಿತು...

ನಾನು ಅವರನ್ನು ಕ್ಷಮಿಸಿಲ್ಲ. ಕ್ಷಮಿಸುವ ಮನಸ್ಸೂ ಇಲ್ಲ. ಆದರೂ ಅವರು ಇಲ್ಲವಾದದ್ದು ನನಗಾದ ನಷ್ಟವೇ. ನನ್ನ ತಂಗಿ ನಿರಪರಾಧಿ ಎಂದು ನನ್ನಷ್ಟೇ ಖಚಿತವಾಗಿ ತಿಳಿದಿದ್ದ ಇನ್ನೊಬ್ಬ ಮನುಷ್ಯ ಈ ಲೋಕದಲ್ಲಿ ಅವರೊಬ್ಬರೇ ಆಗಿದ್ದರು. ತಂಗಿ ಈಗ ನಮ್ಮ ಮನೆಯಲ್ಲಿದ್ದಾಳೆ. ಒಲೆಯ ಮುಂದೆ ಕೂರುವುದು ಯಾವಾಗಲೋ ಒಮ್ಮೆ, ನಾನು ಒತ್ತಾಯಿಸಿದಾಗ. ಅಂದು ಬಡಿಸಿದ ಮೇಲೆ ತಾನು ಉಣ್ಣುವುದಿಲ್ಲ. ನಾನು ಊಟ ಮುಗಿಸಿ ಎದ್ದು ಎಷ್ಟೋ ಹೊತ್ತಿನವರೆಗೂ ಗೋಡೆಗೊರಗಿ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.