ಅಂತಪ್ಪ ಶೆಟ್ರ ಪಾಯಸದ ಸಾಲ

ದೀಕ್ಷಾ, ಪ್ರಥಮ್, ಅಜ್ಜಿ ಬಾಯಿ ತೆರೆಯುವುದು ಊಟಕ್ಕೆ ಮಾತ್ರ ಎಂದು ನೀವು ನಗುತ್ತೀರಿ. ಸರಿಯೇ. ಈ ಬಾಯಿ ಸಮಯಕ್ಕೆ ತೆರೆಯದ್ದರಿಂದ ಒಬ್ಬ ಶಾಸಕರೇ ಸೋತುಹೋದರು.

ಆ ಶಾಸಕರು ಅಂತಪ್ಪ ಶೆಟ್ರು. ಬೇರೆಯವರು ಕೊಡೆ ಹಿಡಿದಂತೆ ಅವರು ಬಜೆಟ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ನಿಂತು ಹೋಗುವಾಗಲೂ ಅದರಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುವರು. ಸರಕಾರ ವರ್ಷ ವರ್ಷವೂ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡುತ್ತದೆ, ಖೋತಾ ಏರುತ್ತದೆ ಎಂಬುದೇ ಅವರ ಚಿಂತೆ. ಕಾರ್ಕಳದ ಒಂದು ಮದುವೆಯಲ್ಲಿ ಬಡಿಸುವವರ ಕೈ ತಡೆದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದ್ದರು: “ತೆಂಗಿನ ಸಸಿ ನೆಡ್ಲಿಕ್ಕೆ ಸಾಲ ಮಾಡಿ, ನಾನು ಬೇಡ ಹೇಳುವುದಿಲ್ಲ. ಕಾಯಿ ತಿನ್ನುವ ಮೊಮ್ಮಕ್ಕಳು ತೀರಿಸಿಯಾರು. ಪಾಯಸಕ್ಕೆ ಸಾಲ ಮಾಡಿದ್ರೆ ಅವರಿಗೆ ಎಂತ ಉಂಟು? ಬಡ್ಡಿ ಮಾತ್ರ ಅಲ್ವಾ?”

“ಇದೂ ಹುಡುಗಿಯ ಅಪ್ಪ ಸಾಲ ಮಾಡಿದ್ದೇ ಶೆಟ್ರೇ, ಬಡಿಸ್ಲಿಕ್ಕೆ ಬಿಡಿ,” ಎಂದರು ಪಕ್ಕದ ಎಲೆಯವರು.

ಆಗ ನಮ್ಮ ತೋಡಿಗೆ ಸಂಕ ಇರಲಿಲ್ಲ, ದಾಟಲಿಕ್ಕೆ ಸೇತುವೆ ಎಂದು ಒಂದು ಹಲಗೆಯೂ ಇರಲಿಲ್ಲ. ಮಳೆಗಾಲದಲ್ಲಿ ತೋಡಿನ ನೀರು ತುಂಬಿ ಹರಿದರೆ ಈಚೆ ಬದಿಯ ಮಕ್ಕಳಿಗೆ ಶಾಲೆಯಿಲ್ಲ, ನಿಮ್ಮ ಅಪ್ಪನಿಗೂ. ಮಹಿಳಾ ಮಂಡಲದಲ್ಲಿ ಏಳನೆಯ ತರಗತಿ ಪಾಸಾದವಳು ನಾನೊಬ್ಬಳೇ ಎಂದು ಅಧ್ಯಕ್ಷೆ ಕಮಲಕ್ಕ ಮನವಿ ಕೊಟ್ಟು ನನ್ನನ್ನೇ ಶೆಟ್ರ ಮನೆಗೆ ಕಳುಹಿಸಿದರು. ಹೇಳಬೇಕಾದ್ದನ್ನು ಮೂರು ದಿನ ಹಟ್ಟಿಯಲ್ಲಿ ದನದ ಮುಂದೆ ಅಭ್ಯಾಸ ಮಾಡಿದ್ದೆ. ದನ ಒಪ್ಪಿತ್ತು.

ಶೆಟ್ರು ಮನವಿಯನ್ನು ಎರಡು ಸಲ ಓದಿದರು. “ಸುಮತಿಯಕ್ಕ, ಈ ವರ್ಷ ಖೋತಾ ಜೋರುಂಟು. ಆದರೆ ಸಂಕ ಪಾಯಸ ಅಲ್ಲ, ತೆಂಗಿನ ಸಸಿ. ಇನ್ನೆರಡು ವರ್ಷ ಕಾಯ್ಲಿಕ್ಕೆ ಆಗ್ತದಾ? ಆಗುವುದಿಲ್ಲ ಅಂತ ನೀವು ಹೇಳಿದ್ರೆ, ಬೆಂಗಳೂರಿನಲ್ಲಿ ಜಗಳ ಮಾಡಿಯಾದರೂ ತರ್ತೇನೆ.”

ಅಂಥವರೆದುರು ‘ಆಗುವುದಿಲ್ಲ’ ಎನ್ನುವುದು ಹೇಗೆ? ಆಗುತ್ತದೆ ಎಂದು ತಲೆಯಾಡಿಸಿದೆ. ಬೆಲ್ಲ ನೀರು ಕುಡಿದು ಬಂದೆ.

“ಎಂತ ಹೇಳಿದ್ರು?” ಎಂದರು ಕಮಲಕ್ಕ.

“ಈಗ ಆಗ್ಲಿಕ್ಕಿಲ್ಲವಂತೆ,” ಎಂದೆ. ಅಷ್ಟು ಹೇಳುವುದಕ್ಕೆ ಮಾತ್ರ ಬಾಯಿ ಬಂತು.

ಎರಡು ಮಳೆಗಾಲ ಮಕ್ಕಳು ಮನೆಯಲ್ಲೇ ಕುಳಿತರು. ಓಟು ಬಂದಾಗ ಕಮಲಕ್ಕ ಶೆಟ್ರ ಸಭೆಯಲ್ಲೇ ಎದ್ದು ಕೇಳಿದರು: “ನಿಮ್ಮ ಖೋತಾ ನಮಗೆ ಯಾಕೆ ಮಾರಾಯ್ರೆ? ನಮ್ಮ ಮಕ್ಕಳ ಸಂಕ ಎಲ್ಲುಂಟು?”

ಶೆಟ್ರು ಒಮ್ಮೆ ನನ್ನ ಕಡೆ ನೋಡಿದರು. ನಾನು ಸೆರಗಿನ ಅಂಚು ನೋಡಿದೆ. “ತಪ್ಪು ನನ್ನದೇ,” ಎಂದು ಅವರು ಕುಳಿತರು. ಆ ಸಲ ಸೋತರು.

ವರ್ಷಗಳ ಮೇಲೆ ಆದಿ ಉಡುಪಿಯ ಸಂತೆಯಲ್ಲಿ ಸಿಕ್ಕಿದರು. ಕಂಕುಳಲ್ಲಿ ಪುಸ್ತಕವಿರಲಿಲ್ಲ, ಕೈಯಲ್ಲಿ ಬಸಳೆಯ ಕಟ್ಟು.

“ಸಂಕ ಆಯ್ತಾ?”

“ಆಯ್ತು. ಅವತ್ತು ನಾನು ತಲೆಯಾಡಿಸಬಾರದಿತ್ತು ಶೆಟ್ರೇ.”

“ಅದನ್ನು ಕಮಲಕ್ಕನಿಗೆ ಹೇಳಿದಿರಾ?”

ಹೌದೆಂದು ತಲೆಯಾಡಿಸಿದೆ.

ಶೆಟ್ರು ನಕ್ಕುಬಿಟ್ಟರು. “ಪುನಃ ಆಡಿಸಿದಿರಿ, ಅಲ್ವಾ?”

ಅದೇ ಕೊನೆಯ ಭೇಟಿ. ಅವರೂ ಹೋದರು, ಕಮಲಕ್ಕನೂ ಹೋದರು. ಸಂಕ ಕೊಡದ ಶಾಸಕರೆಂದು ಊರಿನಲ್ಲಿ ಈಗಲೂ ಅವರ ಹೆಸರು ಹೇಳುವವರಿದ್ದಾರೆ. ಇದು ನಾನು ಮಾಡಿದ ಪಾಯಸದ ಸಾಲ, ಮಕ್ಕಳೇ. ತೀರಿಸುವುದು ನಿಮ್ಮ ತಲೆಗೆ ಬಂತು. ಯಾರಾದರೂ ಅವರನ್ನು ಹಾಗೆ ಅಂದರೆ ನಾನು ಬರೆದಿಟ್ಟ ಈ ಹಾಳೆಗಳನ್ನು ತೋರಿಸಿ. ಅಲ್ಲಿಯವರೆಗೆ ಗೆದ್ದಲು ಹತ್ತದ ಕಡೆ ಇಡಿ. ಇಡುತ್ತೀರಿ ತಾನೆ? ಬರೀ ತಲೆಯಾಡಿಸಬೇಡಿ, ಬಾಯಿ ಬಿಟ್ಟು ಹೇಳಿ.